ತಂತಿ ಬೇಲಿಯ ಉದ್ದಕ್ಕೂ ಕರೆಂಟ್ ಪೈಪು ಒಯ್ಯುವುದು ಹೇಗೆ?

ಪ್ರಶ್ನೆ: ತುಮಕೂರು ಜಿಲ್ಲೆಯಲ್ಲಿ ನಮ್ಮದೊಂದು ಚಿಕ್ಕ ತೋಟದ ಮನೆ ಇದೆ. ಮನೆಯಿಂದ ಗೇಟಿಗೆ ಬೇಲಿಗುಂಟ 120 ಅಡಿ. ಗೇಟಿನ ಹತ್ತಿರ ಎರಡು ಲೈಟು, ನೀರಿನ ಸಂಪ್‌ಗೆ ಅರ್ಧ ಎಚ್‌ಪಿ ಮೋಟಾರು, ಒಂದು ಕ್ಯಾಮೆರಾ ಬೇಕು. ಒಂದೂವರೆ ಅಡಿ ಅಗೆದರೆ ಬಂಡೆ ಸಿಗುತ್ತದೆ, ಹಾಗಾಗಿ ಕೇಬಲ್ ಹೂಳಲು ಆಗಲಿಲ್ಲ. ಬೇಲಿ ಕಲ್ಲುಕಂಬದ್ದು, 10 ಅಡಿಗೊಂದು ಕಂಬ. ಅದಕ್ಕೆ ಚೈನ್‌ಲಿಂಕ್ ಜಾಲರಿ, ಮೇಲೆ ಎರಡು ಸಾಲು ಮುಳ್ಳುತಂತಿ. ಮನೆ ಗೋಡೆಗೂ ಬೇಲಿಗೂ ಆರು ಅಡಿ ಅಂತರ. ಎಲೆಕ್ಟ್ರಿಷಿಯನ್ ಬಿಳಿ ಪಿವಿಸಿ ಪೈಪನ್ನು ಮೇಲಿನ ತಂತಿಗೆ ಬೈಂಡಿಂಗ್ ವೈರಿನಲ್ಲಿ ಕಟ್ಟಿ ಹೋದರು. ಒಂದೇ ಬೇಸಿಗೆಗೆ ಪೈಪು ಅಂಕುಡೊಂಕಾಗಿದೆ. ಎರಡು ಕಡೆ ಜಾಯಿಂಟ್ ಬಿಟ್ಟುಕೊಂಡು ಒಳಗಿನ ವೈರ್ ಕಾಣುತ್ತಿದೆ. ಇನ್ನೂ ನಾಲ್ಕು ಕಡೆ ಬಿಗಿಯಾಗಿ ಕಟ್ಟಿದರೆ ಸಾಕಾ? ಕ್ಯಾಮೆರಾ ವೈರನ್ನೂ ಅದೇ ಪೈಪಿನಲ್ಲಿ ಹಾಕಬಹುದಾ?

ಉತ್ತರ: ಇದನ್ನು ಓದಿದ ಕೂಡಲೇ ಮನೆಯ ಡಿಬಿಯಲ್ಲಿ (ಸ್ವಿಚ್ಚುಗಳಿರುವ ಮೇನ್ ಡಬ್ಬಿಯಲ್ಲಿ) ಆ ಲೈನಿನ ಎಂಸಿಬಿ (ಲೋಡು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚು) ಆಫ್ ಮಾಡಿ. ಬರೀ ಆಫ್ ಮಾಡಿದರೆ ಯಾರಾದರೂ ಸುಮ್ನೆ ಮತ್ತೆ ಆನ್ ಮಾಡಿಬಿಡುತ್ತಾರೆ. ಎಲೆಕ್ಟ್ರಿಷಿಯನ್ ಕರೆಸಿ, ಆ ವೈರುಗಳನ್ನು ಎಂಸಿಬಿಯಿಂದಲೇ ಬಿಚ್ಚಿಸಿ ಟೇಪ್ ಸುತ್ತಿಸಿ. ಗೇಟಿನ ಲೈಟು ಕೆಲವು ದಿನ ಇಲ್ಲದಿದ್ದರೂ ನಡೆಯುತ್ತದೆ. ಮುಳ್ಳುತಂತಿಯ ಪಕ್ಕದಲ್ಲಿ ವೈರ್ ಕಾಣುವ ಪೈಪಿನಲ್ಲಿ ಕರೆಂಟ್ ಹರಿಯುವುದು ಒಂದು ದಿನವೂ ಬೇಡ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ತಂತಿ ಬೇಲಿಯ ಅಪಾಯ ಗೋಡೆಯ ವೈರಿಂಗಿನ ಅಪಾಯದಂತಲ್ಲ. ಗೋಡೆಯಲ್ಲಿ ಒಂದು ಕಡೆ ವೈರ್ ಸುಲಿದರೆ ತೊಂದರೆ ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತದೆ. ಜಾಲರಿ ಹಾಗಲ್ಲ, ಅದು ಈ ತುದಿಯಿಂದ ಆ ತುದಿಯವರೆಗೆ ಒಂದೇ ಲೋಹ. ಮನೆ ಹತ್ತಿರ ಫೇಸ್ ವೈರ್ ತಗುಲಿದರೆ ನೂರು ಅಡಿ ದೂರದಲ್ಲಿ ಗೇಟು ಹಿಡಿದ ಮಗುವಿಗೆ, ಮೈ ಉಜ್ಜಲು ಬಂದ ಹಸುವಿಗೆ ಶಾಕ್ ಹೊಡೆಯುತ್ತದೆ.

ಅಂಥ ಹೊತ್ತಿನಲ್ಲಿ ಎಂಸಿಬಿ ಬೀಳುತ್ತದಲ್ಲ ಅಂತ ಬಹಳ ಜನ ನಂಬಿದ್ದಾರೆ. ಬೀಳುವುದಿಲ್ಲ. ಒಣಗಿದ ಕಲ್ಲುಕಂಬ ಕರೆಂಟನ್ನು ಅಷ್ಟಾಗಿ ನೆಲಕ್ಕೆ ಬಿಡುವುದಿಲ್ಲ. ಜಾಲರಿಯ ಕೆಳಗಿನ ಅಂಚು ಮಣ್ಣಿಗೆ ತಾಗಿದೆ ಅಂತಲೇ ಇಟ್ಟುಕೊಳ್ಳಿ, ನೆಲದ ತಡೆ 50 ಓಮ್ ಇದೆ ಅನ್ನಿ. 230 ವೋಲ್ಟಿಗೆ ಹರಿಯುವ ಕರೆಂಟ್ 4.6 ಆಂಪ್ ಮಾತ್ರ. 10 ಆಂಪಿನ ಎಂಸಿಬಿಗೆ ಅದು ಮಾಮೂಲಿ ಲೋಡು. ಬೇಲಿ ದಿನಗಟ್ಟಲೆ ಲೈವ್ ಆಗಿಯೇ ನಿಂತಿರುತ್ತದೆ, ಮನೆಯಲ್ಲಿ ಎಲ್ಲ ಲೈಟೂ ಚೆನ್ನಾಗಿ ಉರಿಯುತ್ತಿರುತ್ತವೆ. ಇದನ್ನು ಹಿಡಿಯುವುದು 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್ಚು) ಮಾತ್ರ. ಅದರ ವಿಷಯ ಮುಂದೆ ಬರುತ್ತದೆ.

ಈಗ ನಿಮ್ಮ ಪ್ರಶ್ನೆ: ಇನ್ನೂ ನಾಲ್ಕು ಕಡೆ ಬಿಗಿಯಾಗಿ ಕಟ್ಟಿದರೆ ಸಾಕಾ? ಸಾಲದು. ಬಿಗಿಯಾಗಿ ಕಟ್ಟಿದಷ್ಟೂ ಇನ್ನೂ ಬೇಗ ಹಾಳಾಗುತ್ತದೆ. ಪಿವಿಸಿ ಪೈಪು ಬಿಸಿಲಿಗೆ ಉದ್ದವಾಗುತ್ತದೆ, ಚಳಿಗೆ ಕುಗ್ಗುತ್ತದೆ. ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 0.07 ಮಿ.ಮೀ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಜನವರಿಯ ಬೆಳಗಿನ ಜಾವ 15 ಡಿಗ್ರಿ ಇರುವ ಪೈಪು ಏಪ್ರಿಲ್ ಮಧ್ಯಾಹ್ನ ನೇರ ಬಿಸಿಲಿಗೆ 55 ಡಿಗ್ರಿ ಮುಟ್ಟಬಹುದು. 40 ಡಿಗ್ರಿ ವ್ಯತ್ಯಾಸಕ್ಕೆ 3 ಮೀಟರಿನ ಒಂದು ಪೈಪು 8 ಮಿ.ಮೀ. ಬೆಳೆಯುತ್ತದೆ. ನಿಮ್ಮ 120 ಅಡಿಗೆ, ಅಂದರೆ 36 ಮೀಟರಿಗೆ, ಅದು ಸುಮಾರು 10 ಸೆಂ.ಮೀ. ಆಗುತ್ತದೆ. ಅಷ್ಟುದ್ದ ಹೆಚ್ಚಿಗೆ ಬಂದ ಪೈಪು ಎಲ್ಲಿಗಾದರೂ ಹೋಗಲೇಬೇಕಲ್ವಾ? ಕಟ್ಟಿದ ಜಾಗದಲ್ಲಿ ಸರಿಯಲು ಬಿಡದಿದ್ದರೆ ನಡುವೆ ಡೊಂಕಾಗುತ್ತದೆ. ರಾತ್ರಿ ಕುಗ್ಗುವಾಗ ಜಾಯಿಂಟನ್ನು ಎಳೆಯುತ್ತದೆ. ನಿಮ್ಮಲ್ಲಿ ಬಿಟ್ಟುಕೊಂಡ ಎರಡು ಕಪ್ಲರ್‌ಗಳನ್ನು (ಪೈಪಿಗೆ ಪೈಪು ಸೇರಿಸುವ ತುಂಡುಗಳನ್ನು) ನೋಡಿ. ಒಂದಕ್ಕಾದರೂ ಸೊಲ್ಯೂಷನ್ (ಪಿವಿಸಿ ಅಂಟು) ಸರಿಯಾಗಿ ಹಚ್ಚಿರಲಿಕ್ಕಿಲ್ಲ, ಒಣಗಿದ ಪೈಪನ್ನೇ ಒತ್ತಿ ಕೂರಿಸಿರುತ್ತಾರೆ.

ಬೈಂಡಿಂಗ್ ವೈರ್ ಕಟ್ಟಿದ ಜಾಗವನ್ನೂ ಬಿಚ್ಚಿ ನೋಡಿ. ಪೈಪಿನ ಮೇಲೆ ತೆಳ್ಳಗೆ ಒಂದು ಗೀರು ಕಾಣುತ್ತದೆ. ಪೈಪು ದಿನಾ ಹಿಂದೆ ಮುಂದೆ ಸರಿಯುವಾಗ ಆ ತಂತಿ ಗರಗಸದ ಕೆಲಸ ಮಾಡಿದೆ. ಗಾಳಿಗೆ ಬೇಲಿ ಅಲ್ಲಾಡುವುದೂ ಅದಕ್ಕೆ ಸೇರಿಕೊಂಡಿದೆ. ಇನ್ನು ಒಂದೆರಡು ವರ್ಷ ಬಿಟ್ಟಿದ್ದರೆ ಪೈಪು ಸವೆದು ವೈರಿನ ಹೊದಿಕೆಗೇ ಆ ತಂತಿ ತಾಗುತ್ತಿತ್ತು. ಬೈಂಡಿಂಗ್ ವೈರೂ ಕಬ್ಬಿಣ, ಅದರ ಇನ್ನೊಂದು ತುದಿ ಬೇಲಿಗೆ ಸುತ್ತಿದೆ. ಹಾಗಾದರೆ ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನೆ. ಬೈಂಡಿಂಗ್ ವೈರಿನ ಬದಲು ಪ್ಲಾಸ್ಟಿಕ್ ಕೇಬಲ್ ಟೈ ಹಾಕುತ್ತೇವೆ ಅನ್ನುವವರಿದ್ದಾರೆ. ಬಿಳಿ ಟೈ ನಮ್ಮ ಬಿಸಿಲಿಗೆ ಪುಡಿಪುಡಿಯಾಗುತ್ತದೆ. ಬಿಸಿಲು ತಡೆಯುವ ಕಪ್ಪು ಟೈ ಜಾಸ್ತಿ ದಿನ ಬರುತ್ತದೆ, ಆದರೂ ಪೈಪಿನ ಭಾರ ಹೊರುವುದು ಅದರ ಕೆಲಸ ಅಲ್ಲ.

ನನ್ನ ಮಾತು ಇಷ್ಟೇ: ತಂತಿಗೆ, ಜಾಲರಿಗೆ ಪೈಪನ್ನು ಕಟ್ಟಬೇಡಿ. ಕಂಬದಿಂದ ಕಂಬಕ್ಕೆ ಪೈಪಿಗೇ ಅಂತ ಒಂದು ಗಟ್ಟಿ ಆಸರೆ ಹಾಕಿ, ಅದರ ಮೇಲೆ ಪೈಪು ಸರಿದಾಡುವ ಹಾಗೆ ಕೂರಿಸಿ. ಚಂದವೂ ಅದರಿಂದಲೇ ಬರುತ್ತದೆ. ಆಸರೆ ನೆಟ್ಟಗಿದ್ದರೆ ಪೈಪೂ ನೆಟ್ಟಗೆ ಕೂರುತ್ತದೆ.

ಕೆಲಸ ಶುರುವಾಗುವುದು ಕಂಬದಿಂದ. ನಿಮ್ಮಲ್ಲಿ ಒಂದೂವರೆ ಅಡಿಗೇ ಬಂಡೆ ಅಂದಿದ್ದೀರಿ, ಅಂದರೆ ಕಂಬಗಳೂ ಅಷ್ಟೇ ಆಳಕ್ಕೆ ಕೂತಿವೆ. ಒಂದೊಂದನ್ನೇ ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಅಲ್ಲಾಡುವ ಕಂಬದ ಬುಡಕ್ಕೆ ಕಾಂಕ್ರೀಟ್ ಹಾಕಿಸಿ, ವಾಲಿದ್ದನ್ನು ನೆಟ್ಟಗೆ ಮಾಡಿಸಿ, ಒಂದು ವಾರ ನೀರುಣಿಸಿ. ಈ ಒಂದು ಕೆಲಸ ಬಿಟ್ಟರೆ ಮುಂದಿನದೆಲ್ಲ ದಂಡ. ಬೇಲಿ ಯಾರದು ಅನ್ನುವುದನ್ನೂ ಈಗಲೇ ಇತ್ಯರ್ಥ ಮಾಡಿಕೊಳ್ಳಿ. ಗಡಿಯ ಬೇಲಿ ಪಕ್ಕದವರ ಜೊತೆ ಪಾಲಿನದಾದರೆ ಅವರಿಗೆ ಹೇಳಿ, ಒಪ್ಪಿಗೆ ತೆಗೆದುಕೊಂಡು, ನಿಮ್ಮ ಬದಿಯಲ್ಲೇ ಕೆಲಸ ಮಾಡಿಸಿ. ನಾಳೆ ಅವರು ಕಂಬ ಬದಲಾಯಿಸುವಾಗ ಅಲ್ಲಿ ಕರೆಂಟ್ ಇದೆ ಅಂತ ಅವರಿಗೆ ಗೊತ್ತಿರಬೇಕು.

ಆಸರೆಗೆ ನಾನು ಹೇಳುವುದು 50×25 ಮಿ.ಮೀ. ಜಿಐ ಬಾಕ್ಸ್ ಪೈಪ್ (ಸತು ಲೇಪಿಸಿದ, ನಾಲ್ಕು ಮೂಲೆಯ ಕಬ್ಬಿಣದ ಕೊಳವೆ). ಗ್ರಿಲ್ ಕೆಲಸದವರ ಹತ್ತಿರ, ಕಬ್ಬಿಣದ ಅಂಗಡಿಯಲ್ಲಿ 20 ಅಡಿ ಉದ್ದದಲ್ಲಿ ಸಿಗುತ್ತದೆ. ನಿಮ್ಮ ಕಂಬಗಳು 10 ಅಡಿಗೊಂದು ಇರುವುದರಿಂದ ಒಂದು ಉದ್ದ ಎರಡು ಅಂಕಣಕ್ಕೆ ಸರಿಯಾಗಿ ಬರುತ್ತದೆ, ಜೋಡಣೆ ಕಂಬದ ಮೇಲೇ ಬೀಳುತ್ತದೆ. ಒಟ್ಟು ಆರು ಉದ್ದ ಸಾಕು. ಬಹಳ ಜನ 25 ಮಿ.ಮೀ. ಎಲ್ ಆಂಗಲ್ ಸಾಕು ಅನ್ನುತ್ತಾರೆ. ಭಾರಕ್ಕೇನೋ ಸಾಕು. ಆದರೆ ಪೈಪನ್ನು ಹಿಡಿಯುವ ಕ್ಲಿಪ್ಪಿಗೆ, ಅಂದರೆ ಸ್ಯಾಡಲ್‌ಗೆ, ಎರಡು ಕಿವಿ ಇರುತ್ತವೆ, ಪೈಪಿನ ಮೇಲೊಂದು ಕೆಳಗೊಂದು. 25 ಮಿ.ಮೀ. ಮುಖದ ಮೇಲೆ ಆ ಎರಡು ಕಿವಿಗೆ ಜಾಗವೇ ಇಲ್ಲ. ಕೊನೆಗೆ ಮತ್ತೆ ಬೈಂಡಿಂಗ್ ವೈರೇ ಗತಿಯಾಗುತ್ತದೆ. ಬಾಕ್ಸ್ ಪೈಪಿನ 50 ಮಿ.ಮೀ. ಮುಖ ನಿಮ್ಮ ಕಡೆ ಬರುವ ಹಾಗೆ ನಿಲ್ಲಿಸಿದರೆ ಸ್ಯಾಡಲ್ ಕೂರಲು ಜಾಗವೂ ಸಿಗುತ್ತದೆ, ಜೋತುಬೀಳುವುದೂ ಇಲ್ಲ. ಕೊಳ್ಳುವಾಗ ಸ್ಯಾಡಲ್ ಒಂದನ್ನು ಜೇಬಿನಲ್ಲಿ ಒಯ್ದು ಇಟ್ಟು ನೋಡಿಬಿಡಿ, ಒಂದೊಂದು ಕಂಪನಿಯದು ಒಂದೊಂದು ಅಳತೆ ಇರುತ್ತದೆ.

ಕಲ್ಲುಕಂಬಕ್ಕೆ ತೂತು ಕೊರೆಯಲು ಹೋಗಬೇಡಿ. ಉಳಿ ಹಾಕಿ ಸೀಳಿದ ಕಲ್ಲು ಅದು. ಅಂಚಿನ ಹತ್ತಿರ ಹ್ಯಾಮರ್ ಡ್ರಿಲ್ ಇಟ್ಟರೆ ಸೀಳಿಕೊಂಡೇ ಹೋಗಬಹುದು. ಅದಕ್ಕಿಂತ ಕಂಬವನ್ನು ಎರಡು ಕಡೆಯಿಂದ ಅಪ್ಪಿ ಹಿಡಿಯುವ ಕ್ಲ್ಯಾಂಪ್ ವಾಸಿ. ಮುಂದೊಂದು, ಹಿಂದೊಂದು ಕಬ್ಬಿಣದ ಪಟ್ಟಿ, ಎರಡನ್ನೂ ಸೇರಿಸಲು ಕಂಬದ ಆಚೀಚೆ 10 ಮಿ.ಮೀ. ಥ್ರೆಡ್ ರಾಡ್, ಅದಕ್ಕೆ ವಾಷರ್, ನಟ್ಟು. ಕಲ್ಲುಕಂಬ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಒಂದು ನಾಲ್ಕು ಇಂಚು ದಪ್ಪ ಇದ್ದರೆ ಪಕ್ಕದ್ದು ಐದೂವರೆ. ಬಗ್ಗಿಸಿದ ಯು-ಕ್ಲ್ಯಾಂಪ್ ಮಾಡಿಸಿದರೆ ಅರ್ಧಕ್ಕರ್ಧ ಕೂರುವುದಿಲ್ಲ. ಥ್ರೆಡ್ ರಾಡ್ ಇದ್ದರೆ ಯಾವ ದಪ್ಪಕ್ಕೂ ಹೊಂದುತ್ತದೆ. ಪಟ್ಟಿಗೂ ಕಲ್ಲಿಗೂ ನಡುವೆ ಹಳೇ ಟ್ಯೂಬಿನ ರಬ್ಬರ್ ತುಂಡು ಇಡಿ, ಹಿಡಿತ ಜಾರುವುದಿಲ್ಲ. ರಾಡು ಜಾಲರಿಯ ಕಣ್ಣಿನೊಳಗೆ ದಾಟುವ ಕಡೆ ಅದಕ್ಕೊಂದು ಪಿವಿಸಿ ಪೈಪಿನ ತುಂಡು ತೊಡಿಸಿ. ಹಿಂದಿನ ಪಟ್ಟಿಗೂ ಜಾಲರಿಗೂ ಮಧ್ಯೆ ರಬ್ಬರ್ ಬರಲಿ. ಬಾಕ್ಸ್ ಪೈಪಿಗೂ ಬೇಲಿಗೂ ಲೋಹದ ನಂಟು ಇಲ್ಲದಿರುವುದು ಒಳ್ಳೆಯದು. ಮುಂದಿನ ಪಟ್ಟಿಗೆ ಕೂರಿಸಿದ ಬಾಕ್ಸ್ ಪೈಪು ಜಾಲರಿಯಿಂದ ಎರಡು ಇಂಚಾದರೂ ಮುಂದೆ ನಿಲ್ಲುವ ಹಾಗೆ ನೋಡಿಕೊಳ್ಳಿ.

ಎತ್ತರ ಎಷ್ಟು? ನೆಲದಿಂದ ಮೂರೂವರೆ, ನಾಲ್ಕು ಅಡಿ. ಕೆಳಗೆ ಹಾಕಿದರೆ ಕಳೆ ಕತ್ತರಿಸುವ ಮೆಷಿನ್ನಿನ ಬ್ಲೇಡು ತಗುಲುತ್ತದೆ, ಮಣ್ಣಿನ ನೀರು ಸಿಡಿಯುತ್ತದೆ. ತೀರಾ ಮೇಲೆ ಹಾಕಿದರೆ ಬಟ್ಟೆ ಒಣಗಿಸಲು ಅದೇ ಹಗ್ಗ ಆಗುತ್ತದೆ, ಬೇಲಿ ಹತ್ತುವವರಿಗೆ ಹಿಡಿಕೆ ಆಗುತ್ತದೆ. ಮೇಲೆ ತೆಂಗಿನಮರ ಇದೆಯಾ ನೋಡಿ. ಒಣಗಿದ ಗರಿ ಬಿದ್ದರೆ ಬಾಕ್ಸ್ ಪೈಪು ತಡೆದುಕೊಳ್ಳಬಹುದು, ಪಿವಿಸಿ ತಡೆಯುವುದಿಲ್ಲ. ಆ ಅಂಕಣದಲ್ಲಿ ಮಾತ್ರ ಬಾಕ್ಸ್ ಪೈಪಿನ ನೆತ್ತಿಗೆ ಒಂದು ಕಬ್ಬಿಣದ ಪಟ್ಟಿಯನ್ನು ಮುಂದಕ್ಕೆ ಚಾಚಿ ವೆಲ್ಡ್ ಮಾಡಿಸಿದರೆ ಪೈಪಿಗೆ ಮಾಡಿನ ಹಾಗೆ ಆಗುತ್ತದೆ.

ಮೊದಲ ಕಂಬಕ್ಕೂ ಕೊನೆಯ ಕಂಬಕ್ಕೂ ನೂಲು ಹಿಡಿದು ಗುರುತು ಹಾಕಿಕೊಳ್ಳಿ. ನೆಲ ಇಳಿಜಾರಿದ್ದರೆ ಬಾಕ್ಸ್ ಪೈಪನ್ನು ರಸಮಟ್ಟಕ್ಕೆ ಕೂರಿಸಬೇಡಿ, ಬೇಲಿಯ ಇಳಿಜಾರಿಗೇ ಹೊಂದಿಸಿ. ಕಣ್ಣಿಗೂ ಅದೇ ಚಂದ, ನೀರು ಹರಿಯಲೂ ಅದೇ ಒಳ್ಳೆಯದು. ಕಬ್ಬಿಣವೂ ಬಿಸಿಲಿಗೆ ಬೆಳೆಯುತ್ತದೆ, 20 ಅಡಿಗೆ ಸುಮಾರು 3 ಮಿ.ಮೀ. ಹಾಗಾಗಿ ಎರಡು ಉದ್ದಗಳ ನಡುವೆ ಅಷ್ಟು ಸಂದು ಬಿಡಿ. ತುದಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಇಲ್ಲದಿದ್ದರೆ ಮಳೆಗಾಲಕ್ಕೆ ನೀರು, ಬೇಸಿಗೆಗೆ ಕಣಜ ಒಳಗೆ ಸೇರುತ್ತವೆ. ವೆಲ್ಡ್ ಮಾಡಿದ, ಕತ್ತರಿಸಿದ ಕಡೆಗಳಿಗೆ ಜಿಂಕ್ ಪೇಂಟ್ ಹಚ್ಚಿಸಿ, ತುಕ್ಕು ಶುರುವಾಗುವುದು ಅಲ್ಲಿಂದಲೇ.

ಇನ್ನು ಪೈಪು. 25 ಮಿ.ಮೀ. ವ್ಯಾಸದ, ಮೀಡಿಯಂ ಅಥವಾ ಹೆವಿ ಪಿವಿಸಿ ತೆಗೆದುಕೊಳ್ಳಿ. ಪೈಪಿನ ಮೇಲೆ ಐಎಸ್‌ಐ ಗುರುತಿನ ಜೊತೆ ಐಎಸ್ 9537 ಅಂತ ಅಚ್ಚಾಗಿರುತ್ತದೆ, ಓದಿ ಕೊಳ್ಳಿ. ಲೈಟ್ ಪೈಪು ಸ್ಲ್ಯಾಬಿನ ಒಳಗೂ ಸರಿಯಲ್ಲ, ಬೇಲಿಗಂತೂ ಬೇಡವೇ ಬೇಡ. ಕಬ್ಬಿಣದ ಜಿಐ ಪೈಪು ಗಟ್ಟಿ ಅಲ್ವಾ ಅಂತ ಕೇಳಬಹುದು. ಗಟ್ಟಿ ಹೌದು. ಆದರೆ ಕಬ್ಬಿಣದ ಪೈಪಿಗೆ ಅರ್ಥಿಂಗ್ ಕಡ್ಡಾಯ. ಅದು ಎಲ್ಲಾದರೂ ಬೇಲಿಗೆ ತಾಗಿದರೆ ಮನೆಯ ಅರ್ಥಿಗೂ ಬೇಲಿಗೂ ಸಂಬಂಧ ಬೆಳೆಯುತ್ತದೆ. ಮನೆಯಲ್ಲಿ ಗೀಸರ್ ಕೆಟ್ಟರೆ ಬೇಲಿ ಮುಟ್ಟಿದವರಿಗೆ ಶಾಕ್ ಬರುವ ದಾರಿ ಅದು. ಲೋಹದ ಬೇಲಿಯ ಮೇಲೆ ಪಿವಿಸಿಯೇ ಲೇಸು ಅನ್ನುವುದು ನನ್ನ ಅಭಿಪ್ರಾಯ. ಸುರುಳಿಯಲ್ಲಿ ಬರುವ ಕಪ್ಪು ಎಚ್‌ಡಿಪಿಇ ಪೈಪು ನೆಲದೊಳಗೆ ಬಹಳ ಒಳ್ಳೆಯದು. ಬೇಲಿಯ ಮೇಲೆ ಅದು ಪಿವಿಸಿಗಿಂತಲೂ ಜಾಸ್ತಿ ಬೆಳೆದು ಡೊಂಕಾಗುತ್ತದೆ.

ಸ್ಯಾಡಲ್ ಎರಡು ಅಡಿಗೊಂದು ಹಾಕಿ. ಕಪ್ಲರ್, ಬೆಂಡ್, ಜಂಕ್ಷನ್ ಬಾಕ್ಸ್ (ವೈರ್ ಜೋಡಿಸುವ ಡಬ್ಬಿ) ಬಂದ ಕಡೆ ಅವುಗಳಿಂದ ಒಂದು ಅಡಿ ಒಳಗೆ ಎರಡೂ ಬದಿಗೆ ಒಂದೊಂದು ಹೆಚ್ಚಿಗೆ ಬರಲಿ. ಸ್ಯಾಡಲ್‌ನ ಕೆಳಗೆ ಬೇಸ್ ಇರುವ ಮಾದರಿ ತೆಗೆದುಕೊಂಡರೆ ಪೈಪಿಗೂ ಕಬ್ಬಿಣಕ್ಕೂ ನಡುವೆ ಸಣ್ಣ ಸಂದು ಉಳಿಯುತ್ತದೆ. ಕಾದ ಕಬ್ಬಿಣದ ಬಿಸಿ ನೇರವಾಗಿ ಪೈಪಿಗೆ ತಾಗುವುದಿಲ್ಲ, ಧೂಳೂ ನೀರೂ ನಿಲ್ಲುವುದಿಲ್ಲ. ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ಹಾಕಿ, ಆದರೆ ಹಿಂಡುವ ಹಾಗೆ ಬಿಗಿಯಬೇಡಿ. ಸ್ಯಾಡಲ್ ಬಿಗಿದ ಮೇಲೂ ಪೈಪನ್ನು ಕೈಯಲ್ಲಿ ಹಿಡಿದು ಎಳೆದರೆ ಅದು ಉದ್ದಕ್ಕೆ ಸರಿಯಬೇಕು, ಅಡ್ಡಕ್ಕೆ ಅಲ್ಲಾಡಬಾರದು. ಎಲೆಕ್ಟ್ರಿಷಿಯನ್ ಹುಡುಗರು ಸ್ಕ್ರೂ ಗನ್ ಹಿಡಿದು ಟರ್ರ್ ಅನ್ನಿಸಿಬಿಡುತ್ತಾರೆ. ಪಕ್ಕದಲ್ಲಿ ನಿಂತು ಕೈಯಲ್ಲೇ ಕೊನೇ ಸುತ್ತು ತಿರುಗಿಸಲು ಹೇಳಿ.

ಪೈಪು ಬೆಳೆಯಲು ಜಾಗ ಬೇಕು ಅಂದೆನಲ್ಲ, ಅದನ್ನು ಹೀಗೆ ಕೊಡಬಹುದು. ಎಲ್ಲ ಕಪ್ಲರ್‌ಗಳಿಗೂ ಸೊಲ್ಯೂಷನ್ ಹಚ್ಚಿ ಕೂರಿಸಿ, ಆದರೆ ಮೂರು ಪೈಪಿಗೊಮ್ಮೆ, ಅಂದರೆ ಸುಮಾರು 30 ಅಡಿಗೊಮ್ಮೆ, ಒಂದು ಸರಿಯುವ ಜಾಯಿಂಟ್ ಬಿಡಿ. ರೆಡಿಮೇಡ್ ಎಕ್ಸ್‌ಪ್ಯಾನ್ಶನ್ ಕಪ್ಲರ್ ಸಿಕ್ಕರೆ ಅದನ್ನೇ ಹಾಕಿ. ಸಿಗದಿದ್ದರೆ 32 ಮಿ.ಮೀ. ಪೈಪಿನ ಒಂದು ಅಡಿ ತುಂಡು ಸಾಕು. ಒಂದು ಬದಿಯ 25ರ ಪೈಪಿಗೆ ಅದನ್ನು ರಿಡ್ಯೂಸರ್ ಹಾಕಿ ಅಂಟಿಸಿ. ಇನ್ನೊಂದು ಬದಿಯ ಪೈಪು ಅದರೊಳಗೆ ಅಂಟಿಲ್ಲದೆ ಆರು ಇಂಚು ಹೋಗಿ ನಿಲ್ಲಲಿ, ಮುಂದೆ ಬೆಳೆಯಲು ಎರಡು ಇಂಚು ಜಾಗ ಉಳಿದಿರಲಿ. ಇದನ್ನು ಯಾವ ದಿಕ್ಕಿಗೆ ಹಾಕಬೇಕು ಅನ್ನುವುದರಲ್ಲೇ ಗುಟ್ಟಿರುವುದು. ಅಂಟಿಸಿದ ಬದಿ ಇಳಿಜಾರಿನ ಮೇಲ್ಗಡೆಗೆ, ತೆರೆದ ಬಾಯಿ ಕೆಳಗಡೆಗೆ ಬರಬೇಕು. ಹೆಂಚು ಹೊದಿಸುವಾಗ ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಬರುತ್ತದಲ್ಲ, ಹಾಗೆ. ಆಗ ಪೈಪಿನ ಮೇಲೆ ಹರಿದುಬಂದ ಮಳೆನೀರು ಬಾಯಿಯೊಳಗೆ ಹೋಗದೆ ಅಂಚಿನಿಂದ ತೊಟ್ಟಿಕ್ಕುತ್ತದೆ. ಹ್ಯಾಕ್ಸಾದಲ್ಲಿ ಕತ್ತರಿಸಿದ ಪೈಪಿನ ಒಳ ಅಂಚನ್ನು ಚಾಕುವಿನಲ್ಲಿ ಕೆರೆದು ನಯ ಮಾಡಿ. ಕೇಬಲ್ ಎಳೆಯುವಾಗ ಹೊದಿಕೆ ಸೀಳುವುದು ಆ ಅಂಚಿಗೇ.

ಮಾಮೂಲಿ ಬಿಳಿ ಕಂಡ್ಯೂಟ್ (ವೈರಿಂಗ್ ಪೈಪು) ಬಿಸಿಲಿಗಾಗಿ ಮಾಡಿದ್ದಲ್ಲ. ಎರಡು ಮೂರು ಬೇಸಿಗೆಗೆ ಹಳದಿಯಾಗಿ, ಗೀರಿದರೆ ಪುಡಿ ಉದುರುವ ಹಾಗಾಗುತ್ತದೆ. ಅದಕ್ಕೆ ತಿಳಿ ಬಣ್ಣದ ಎಕ್ಸ್‌ಟೀರಿಯರ್ ಎಮಲ್ಷನ್ ಎರಡು ಕೋಟ್ ಹೊಡೆಸಿ. ನೀರಲ್ಲಿ ಕರಗುವ ಪೇಂಟೇ ಆಗಬೇಕು. ತಿನ್ನರ್ ಬೆರೆಸುವ ಪೇಂಟ್ ಪಿವಿಸಿಗೆ ಬೇಡ. ಮೊದಲು ಸಣ್ಣ ಎಮೆರಿ ಪೇಪರಿನಲ್ಲಿ ಉಜ್ಜಿದರೆ ಪೇಂಟು ಹಿಡಿಯುತ್ತದೆ. ಹೊಡೆಯುವುದು ಪೈಪು ಕೂರಿಸುವ ಮೊದಲೇ ಆದರೆ ಹಿಂಬದಿಗೂ ಸಿಗುತ್ತದೆ. ಸರಿಯುವ ಜಾಯಿಂಟಿನೊಳಗೆ ಹೋಗುವ ಆರು ಇಂಚಿಗೆ ಮಾತ್ರ ಪೇಂಟ್ ಬೇಡ.

ಎಷ್ಟೇ ಜೋಪಾನ ಮಾಡಿದರೂ ಹೊರಗಿನ ಪೈಪಿನೊಳಗೆ ತೇವ ಸೇರುತ್ತದೆ. ಹಗಲಿನ ಬಿಸಿ ಗಾಳಿ ರಾತ್ರಿ ತಣಿದು ಒಳಗೇ ಹನಿಯಾಗುತ್ತದೆ. ಆದ್ದರಿಂದ ನೀರು ಬರುವುದೇ ಇಲ್ಲ ಅಂದುಕೊಳ್ಳದೆ, ಬಂದ ನೀರು ಹೋಗಲು ದಾರಿ ಮಾಡಿ. ಪೈಪಿನ ಅತಿ ತಗ್ಗಿನ ಜಾಗದ ಹೊಟ್ಟೆಗೆ ಕೇಬಲ್ ಎಳೆಯುವ ಮೊದಲೇ 5 ಮಿ.ಮೀ. ತೂತು ಹಾಕಿ. ಜಂಕ್ಷನ್ ಬಾಕ್ಸ್ ಐಪಿ 65 (ಧೂಳು, ನೀರು ತಡೆಯುವ) ಗುರುತಿನದಾಗಿರಲಿ. ಪೈಪು, ಕೇಬಲ್ ಬಾಕ್ಸಿನ ಬುಡದಿಂದಲೇ ಗ್ಲ್ಯಾಂಡ್ (ತೂತನ್ನು ಬಿಗಿಯಾಗಿ ಮುಚ್ಚುವ ಬಿರಡೆ) ಮೂಲಕ ಒಳಗೆ ಹೋಗಲಿ, ಮೇಲಿನಿಂದ ಬೇಡ. ಗ್ಲ್ಯಾಂಡ್ ಇಲ್ಲದ ತೂತನ್ನು ಹಾಗೇ ಬಿಟ್ಟರೆ ಇರುವೆ, ಹಲ್ಲಿ ಸೇರಿಕೊಳ್ಳುತ್ತವೆ. ಟರ್ಮಿನಲ್ ಮೇಲೆ ಹಲ್ಲಿ ಸತ್ತು ಲೈನ್ ಹೋದ ದೂರುಗಳು ಪ್ರತಿ ಮಳೆಗಾಲಕ್ಕೂ ಬರುತ್ತವೆ. ಪೈಪಿನೊಳಗೆ ಎಲ್ಲೂ ವೈರಿಗೆ ಜಾಯಿಂಟ್ ಹಾಕಬಾರದು, ಏನಿದ್ದರೂ ಬಾಕ್ಸಿನಲ್ಲಿ.

ಒಳಗೆ ಬಿಡಿ ವೈರ್ ಎಳೆಯುವ ಬದಲು ಹೊರಹೊದಿಕೆ ಇರುವ ದುಂಡು ಮೂರು ಕೋರ್ ತಾಮ್ರದ ಕೇಬಲ್ ಹಾಕಿಸಿ. 2.5 ಸ್ಕ್ವೇರ್ ಎಂಎಂ, ಐಎಸ್ 694 ಗುರುತಿನದು. ತೇವದಲ್ಲಿ ಆ ಎರಡನೇ ಹೊದಿಕೆ ಬಹಳ ಕಾಪಾಡುತ್ತದೆ. 1.5 ಸಾಲದಾ ಅಂದರೆ, ಲೈಟಿಗೆ ಸಾಕು, ಮೋಟಾರಿಗೆ ಬೇಡ. ಡಿಬಿಯಿಂದ ಗೇಟಿಗೆ 50 ಮೀಟರ್ ಅಂತ ಹಿಡಿದರೆ ಹೋಗಿ ಬರುವ ವೈರ್ 100 ಮೀಟರ್. ಅರ್ಧ ಎಚ್‌ಪಿ ಮೋಟಾರು ಹತ್ತುವಾಗ ಒಂದು ಕ್ಷಣ 20 ಆಂಪ್ ಎಳೆದರೆ 2.5ರ ಕೇಬಲ್‌ನಲ್ಲಿ ಸುಮಾರು 15 ವೋಲ್ಟ್ ಕಳೆಯುತ್ತದೆ, 1.5ರಲ್ಲಿ 25 ವೋಲ್ಟ್. ಹಳ್ಳಿಯ ಲೈನಿನಲ್ಲಿ ಸಂಜೆ ಹೊತ್ತು ಮೊದಲೇ ವೋಲ್ಟೇಜ್ ಕಮ್ಮಿ ಇರುತ್ತದೆ. ಮೋಟಾರು ಗುಂಯ್ ಅಂತ ನಿಂತೇಬಿಡುವುದು ಆಗಲೇ.

ಮನೆ ಗೋಡೆಗೂ ಬೇಲಿಗೂ ಇರುವ ಆ ಆರು ಅಡಿ ಚಿಕ್ಕದು ಅಂತ ಅಸಡ್ಡೆ ಬೇಡ. ಗಾಳಿಯಲ್ಲಿ ಪೈಪು ತೇಲಿಸಿ ಒಯ್ಯುತ್ತಾರೆ, ಮೊದಲು ಮುರಿಯುವುದು ಅದೇ. ಬೇಲಿ ಅಲ್ಲಾಡುತ್ತದೆ, ಗೋಡೆ ಅಲ್ಲಾಡುವುದಿಲ್ಲ, ನಡುವಿನ ಪೈಪು ಎರಡರ ಜಗಳಕ್ಕೆ ಸಿಕ್ಕುತ್ತದೆ. ಬಂಡೆ ಸಿಗುವವರೆಗಿನ ಒಂದೂವರೆ ಅಡಿ ನಿಮಗೆ ಇದೆಯಲ್ಲ, ಅಲ್ಲಿಯವರೆಗೆ ತೋಡಿಸಿ, ದಪ್ಪ ಜಿಐ ಪೈಪಿನೊಳಗೆ ಕೇಬಲ್ ದಾಟಿಸಿ, ಮೇಲೆ ಕಾಂಕ್ರೀಟ್ ಹಾಕಿಸಿ. ಆ ಜಿಐ ತುಂಡಿಗೆ ಅರ್ಥ್ ಕೊಡಿಸಿ, ಬೇಲಿಗೆ ತಾಗದ ಹಾಗೆ ನೆಲದಿಂದ ಹೊರಬರಲಿ. ಅಲ್ಲಿಂದ ಕಂಬದ ಮೇಲಿನ ಬಾಕ್ಸಿಗೆ ಒಂದು ಅಡಿ ಫ್ಲೆಕ್ಸಿಬಲ್ ಪೈಪನ್ನು ಸ್ವಲ್ಪ ಸಡಿಲವಾಗಿ ಕೊಡಿ. ಮಾಮೂಲಿಯಾಗಿ ನೆಲದೊಳಗಿನ ಕೇಬಲ್‌ಗೆ ಎರಡೂವರೆ ಅಡಿ ಆಳ ಬೇಕು, ಆಗ ಆರ್ಮರ್ಡ್ (ಲೋಹದ ಕವಚದ) ಕೇಬಲ್, ಮರಳು, ಮೇಲೆ ಇಟ್ಟಿಗೆ ಸಾಲು. ಬಂಡೆ ಇಲ್ಲದ ಓದುಗರಿಗೆ ನನ್ನ ಸಲಹೆ ಯಾವಾಗಲೂ ಅದೇ. ಬೇಲಿ ಎರಡನೇ ಆಯ್ಕೆ.

ಡಿಬಿಯಲ್ಲಿ ಈ ಲೈನಿಗೇ ಅಂತ ಬೇರೆ 10 ಆಂಪಿನ, ಮೋಟಾರು ಇರುವುದರಿಂದ ಸಿ ಕರ್ವ್ (ಮೋಟಾರು ಹತ್ತುವಾಗಿನ ಎಳೆತಕ್ಕೆ ಬೀಳದ) ಎಂಸಿಬಿ, ಅದರ ಜೊತೆ 30 ಮಿಲಿಆಂಪಿನ ಎರಡು ಪೋಲ್ ಆರ್‌ಸಿಸಿಬಿ ಹಾಕಿಸಿ. 100 ಮಿಲಿಆಂಪಿನದು ಪ್ರಾಣ ಉಳಿಸಲು ಆಗುವುದಿಲ್ಲ, ಅಂಗಡಿಯವರು ಅದನ್ನು ಕೊಟ್ಟರೆ ವಾಪಸ್ ಕೊಡಿ. ಮನೆಗೆಲ್ಲ ಸೇರಿ ಒಂದೇ ಆರ್‌ಸಿಸಿಬಿ ಇದ್ದರೆ ಮಳೆ ಬಂದಾಗ ಬೇಲಿಯ ಸಣ್ಣ ಸೋರಿಕೆಗೆ ಇಡೀ ಮನೆ ಕತ್ತಲಾಗುತ್ತದೆ. ಆಗ ಜನ ಸಿಟ್ಟಿಗೆ ಅದನ್ನೇ ಬೈಪಾಸ್ ಮಾಡಿಸಿಬಿಡುತ್ತಾರೆ. ಅದಕ್ಕೇ ಈ ಲೈನಿಗೆ ಬೇರೆಯದು. ಮೋಟಾರಿನ ಬಾಡಿ, ಲೋಹದ ಲೈಟಿನ ಬಾಡಿಗೆ ಕೇಬಲ್‌ನ ಹಸಿರು ವೈರೇ ಅರ್ಥ್. ಬೇಲಿಯನ್ನು ಅರ್ಥ್ ಆಗಿ ಬಳಸಬೇಡಿ, ಮನೆಯ ಅರ್ಥನ್ನು ಬೇಲಿಗೆ ಕಟ್ಟಲೂಬೇಡಿ. ಕೆಲಸ ಲೈಸೆನ್ಸ್ ಇರುವವರ ಕೈಯಲ್ಲೇ ಆಗಲಿ. ಕ್ಲ್ಯಾಂಪು, ಬಾಕ್ಸ್ ಪೈಪು, ಪೇಂಟಿನ ಕೆಲಸ ನೀವೇ ಮಾಡಿಕೊಳ್ಳಬಹುದು.

ಕರೆಂಟ್ ಕೊಡುವ ಮೊದಲು ಮೆಗ್ಗರ್ (ವೈರಿನ ಹೊದಿಕೆಯ ತಡೆ ಅಳೆಯುವ ಮೀಟರು) ಹಾಕಿ ನೋಡಲು ಹೇಳಿ. 500 ವೋಲ್ಟಿನಲ್ಲಿ ಫೇಸ್, ನ್ಯೂಟ್ರಲ್, ಅರ್ಥ್ ನಡುವೆ ಕನಿಷ್ಠ 1 ಮೆಗಾ ಓಮ್ ಬರಲೇಬೇಕು. ಹೊಸ ಕೇಬಲ್‌ಗೆ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ಒಂದೆರಡೇ ಬಂದರೆ ಎಲ್ಲೋ ಹೊದಿಕೆ ಸೀಳಿದೆ ಅಂತ ಅರ್ಥ. ಕರೆಂಟ್ ಕೊಟ್ಟ ಮೇಲೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಬೀಳುತ್ತದಾ ನೋಡಿ. ಮೊದಲ ಜೋರು ಮಳೆ ಬಂದ ಮರುದಿನ ಬಾಕ್ಸ್ ತೆರೆಸಿ, ಒಳಗೆ ನೀರು ನಿಂತಿದೆಯಾ ನೋಡಿಸಿ. ಆಮೇಲೆ ವರ್ಷಕ್ಕೊಮ್ಮೆ, ಬೇಸಿಗೆ ಶುರುವಾಗುವ ಮೊದಲು, ಬೇಲಿಗುಂಟ ನಡೆದು ಹೋಗಿ. ಹಬ್ಬಿದ ಬಳ್ಳಿ ಕಿತ್ತುಹಾಕಿ, ಬುಡದ ಒಣಹುಲ್ಲು ಕೊಯ್ಯಿಸಿ. ಫೆಬ್ರವರಿ, ಮಾರ್ಚಿನಲ್ಲಿ ಬೇಲಿ ಸಾಲಿನ ಹುಲ್ಲಿಗೆ ಬೆಂಕಿ ಕೊಡುವ ರೂಢಿ ನಮ್ಮ ಕಡೆ ಇದೆ. ಕೆಲಸದವರಿಗೆ ಮೊದಲೇ ಹೇಳಿಡಿ, ಆ ಸಾಲಿಗೆ ಬೆಂಕಿ ಬೇಡ. ಪಿವಿಸಿ ಕರಗಲು ಎರಡು ನಿಮಿಷ ಸಾಕು.

ಇದೇ ಸಮಸ್ಯೆ ಇರುವ ಬೇರೆ ಓದುಗರಿಗೂ ಎರಡು ಮಾತು. ಬ್ಲಾಕಿನ ಕಾಂಪೌಂಡ್ ಗೋಡೆ ಇದ್ದವರಿಗೆ ಬಾಕ್ಸ್ ಪೈಪು ಬೇಕಿಲ್ಲ, ರಾಲ್ ಪ್ಲಗ್ ಹಾಕಿ ಗೋಡೆಗೇ ಸ್ಯಾಡಲ್ ಹೊಡೆಯಿರಿ, ಉಳಿದದ್ದೆಲ್ಲ ಇದೇ. ಮಲೆನಾಡಿನ ಕಡೆ ಗ್ಲಿರಿಸಿಡಿಯಾ ಗೂಟಗಳು ಚಿಗುರಿ ಮರವಾಗಿರುವ ಬೇಲಿಗಳಿವೆ. ಅವುಗಳಿಗೆ ಪೈಪು ಹೊಡೆಯಬೇಡಿ, ಮರ ದಪ್ಪವಾಗುತ್ತಾ ಸ್ಯಾಡಲ್ಲನ್ನೇ ನುಂಗುತ್ತದೆ, ಗಾಳಿಗೆ ತೂಗುತ್ತದೆ. ಪಕ್ಕದಲ್ಲಿ ಬೇರೆ ಕಂಬ ನೆಡಿಸಿ. ಕಾಡುಹಂದಿ, ಆನೆಗಾಗಿ ಸೋಲಾರ್ ಬೇಲಿ ಹಾಕಿದವರು ಆ ಕಂಬಗಳಿಗೆ ಮನೆಯ ಕರೆಂಟಿನ ಪೈಪನ್ನು ಯಾವ ಕಾರಣಕ್ಕೂ ತರಬೇಡಿ. ಸೋಲಾರ್ ಬೇಲಿಯ ಯಂತ್ರ ಸಾವಿರಾರು ವೋಲ್ಟನ್ನು ಕ್ಷಣಮಾತ್ರದ ಹೊಡೆತವಾಗಿ ಬಿಡುತ್ತದೆ, ಅದಕ್ಕೇ ಅದು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಅದೇ ತಂತಿಗೆ ಮನೆಯ 230 ವೋಲ್ಟ್ ಸೇರಿದರೆ ಮುಟ್ಟಿದವರು ಉಳಿಯುವುದಿಲ್ಲ. ಬೇಕೆಂದೇ ಹಾಗೆ ಲೈನ್ ಕೊಡುವುದು ಅಪರಾಧ. ಆನೆಗಳೂ ಮನುಷ್ಯರೂ ಅದರಿಂದ ಸತ್ತಿದ್ದಾರೆ.

ಕ್ಯಾಮೆರಾ ವೈರಿನ ಪ್ರಶ್ನೆಗೆ ಉತ್ತರ: ಅದೇ ಪೈಪಿನಲ್ಲಿ ಬೇಡ. 230 ವೋಲ್ಟಿನ ಕೇಬಲ್‌ನ ಹೊದಿಕೆ ಎಲ್ಲಾದರೂ ಕೆಟ್ಟರೆ ಕರೆಂಟು ಕ್ಯಾಮೆರಾ ವೈರಿನ ಮೂಲಕ ಮನೆಯೊಳಗಿನ ರೆಕಾರ್ಡರ್‌ವರೆಗೆ ಬರಬಹುದು. ಕಪ್ಪು ಹೊದಿಕೆಯ, ಹೊರಗಡೆಗೆಂದೇ ಮಾಡಿದ ಕ್ಯಾಟ್-6 ಕೇಬಲ್ ತನ್ನಿ. 100 ಮೀಟರಿನೊಳಗೆ ಅದೊಂದರಲ್ಲೇ ಕ್ಯಾಮೆರಾಗೆ ಪವರ್ ಕೂಡ ಕಳಿಸಬಹುದು, ನಿಮ್ಮದು ಅದರ ಅರ್ಧ ದೂರ. ಅದರ ಭಾರ ಬಹಳ ಕಮ್ಮಿ. ಬಾಕ್ಸ್ ಪೈಪಿನಿಂದ ಒಂದು ಅಡಿ ಕೆಳಗೆ, ಪ್ಲಾಸ್ಟಿಕ್ ಹೊದಿಕೆಯ ಸ್ಟೀಲ್ ತಂತಿಯೊಂದನ್ನು ಕ್ಲ್ಯಾಂಪಿನಿಂದ ಕ್ಲ್ಯಾಂಪಿಗೆ ಬಿಗಿಯಾಗಿ ಎಳೆಸಿ. ಇದಕ್ಕಾಗಿ ಮುಂದಿನ ಪಟ್ಟಿಯನ್ನು ಮೊದಲೇ ಅಷ್ಟು ಉದ್ದ ಮಾಡಿಸಿರಬೇಕು. ಕ್ಯಾಟ್-6 ಕೇಬಲ್ಲನ್ನು ಆ ತಂತಿಗೆ ಅಡಿಗೊಂದು ಕಪ್ಪು ಟೈ ಹಾಕಿ ಕಟ್ಟಿ. ಟೈ ಕಟ್ಟಲು ಸರಿಯಾದ ಜಾಗ ಇದು, ಇಲ್ಲಿ ಭಾರ ಹೊರುವುದು ಸ್ಟೀಲ್ ತಂತಿ. ಮನೆ ಸೇರುವ ಕಡೆ ಕ್ಯಾಟ್-6ಕ್ಕೆ ಸರ್ಜ್ ಪ್ರೊಟೆಕ್ಟರ್ ಒಂದನ್ನು ಹಾಕಿಸಿ, ಅದರ ಅರ್ಥನ್ನು ಮನೆಯ ಅರ್ಥಿಗೆ ಕೊಡಿಸಿ. ತೆರೆದ ಬಯಲಿನಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ರೆಕಾರ್ಡರ್ ಸುಟ್ಟುಹೋಗುವುದು ಹೆಚ್ಚಾಗಿ ಈ ದಾರಿಯಲ್ಲೇ.